ಠರಾವು ಸಂಖ್ಯೆ ಏಳು

ಮಿರಜ. ಸ್ಟೇಷನ್ನಿನ ಬೆನ್ನಿಗೆ ವಿಹಾರ,
ವಿಹಾರದ ಬೆನ್ನಿಗೆ ಆ ಗಲ್ಲಿ.
ನಡುವೆ ಒಂದೇ ಗೋಡೆ; ಒಂದು ಮೈಗೆ ನೀಲಿ ಸುಣ್ಣ,
ಇನ್ನೊಂದಕ್ಕೆ ಎಲೆಯಡಿಕೆಯ ಉಗುಳು.
ಇಪ್ಪತ್ತೆರಡು ವರ್ಷದಿಂದ ಇಲ್ಲಿಯ ವಹಿ ಬರೆಯುವವ ನಾನು.
ಸಭೆ ಮರಾಠಿಯಲ್ಲಿ ಶುರುವಾಗುತ್ತದೆ, ಜಗಳ ಕನ್ನಡಕ್ಕೆ ಇಳಿಯುತ್ತದೆ.
ವಹಿಗೆ ಜಗಳ ಬೇಡ.

ಹುಣ್ಣಿಮೆಯ ವಂದನೆ ಮುಗಿದ ಮೇಲೆ ವಿಷಯ ಬಂತು:
ಗಲ್ಲಿಯ ಧಂದೆಗೆ ಕಾಯ್ದೆಯ ಮಾನ್ಯತೆ ಬೇಕೆಂಬ ಅರ್ಜಿ,
ವಿಹಾರ ಸಹಿ ಹಾಕಬೇಕೇ, ಬೇಡವೇ.
ಸ್ವಲ್ಪ ಹೊತ್ತು ಫ್ಯಾನಿನ ಸದ್ದೇ ಚರ್ಚೆ.

ಯಶವಂತ ಐವಳೆ ಎದ್ದ. ವಕೀಲ. ಮಾತಿಗೂ ಇಸ್ತ್ರಿ.
ಲೈಸೆನ್ಸು ಬಂದರೆ ಹಫ್ತಾ ನಿಲ್ಲುತ್ತದೆ ಅಂದ,
ರೇಶನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು,
ಹೊಡೆದವನ ಮೇಲೆ ಕೇಸು ಹಾಕುವ ಧೈರ್ಯ.
ಗುರುಬಾಳ ಮಾಸ್ತರರು ಹಿಂದಿನ ಸಾಲಿನಲ್ಲಿ
ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು:
"ನಮ್ಮ ಅಜ್ಜಿಗೋಳ್ನ ದೇವಿಗೆ ಬಿಟ್ಟಿದ್ದೂ ಲೈಸೆನ್ಸೇ ಅಲ್ಲೇನೋ?
ಕೊರಳಾಗ ಮುತ್ತು ಕಟ್ಟಿ, ಊರ ಒಪ್ಪಿಗಿ ತಗೊಂಡು.
ಅದನ್ನ ಹರದು ಒಗದು ಈ ಬುದ್ಧನ ಹತ್ರ ಬಂದ್ವಿ.
ಈಗ ಸರಕಾರದ ಕೈಲೆ ಮತ್ತ ಮುತ್ತು ಕಟ್ಟಸೂದೇನು?"

ಯಾರೂ ಕೆಮ್ಮಲಿಲ್ಲ.

ಭಂತೇಜಿ ಚಿಕ್ಕವರು, ಗೋಂದಿಯಾ ಕಡೆಯವರು.
ಬೆರಳು ಮಡಚುತ್ತ ಹೇಳಿದರು, ಉಪಾಸಕ ಮಾಡಬಾರದ ವ್ಯಾಪಾರ ಐದು:
ಆಯುಧ, ಜೀವ, ಮಾಂಸ, ಮದ್ಯ, ವಿಷ.
ಎರಡನೆಯ ಬೆರಳಿಗೇ ಅವರನ್ನು ತಡೆದಳು
ಬಾಗಿಲ ಬಳಿ ಕೂತ ಕಸ್ತೂರವ್ವ
(ಬಾಗಿಲ ಬಳಿಯೇ ಯಾಕೆ ಕೂರುತ್ತಾಳೆಂದು ವಹಿಯಲ್ಲಿಲ್ಲ):
"ಜೀವ ಮಾರಬಾರದು ಅಂದ್ರ, ಭಂತೇಜಿ,
ಮಾರಿದವ್ರಿಗೆ ಹೇಳಿದ್ದೋ, ಕೊಂಡವ್ರಿಗೋ,
ಮಾರಿಹೋದವ್ರಿಗೋ?
ಜತ್ತದ ಬಸ್ ಸ್ಟ್ಯಾಂಡಿನ್ಯಾಗ ನನ್ನ ಕೈ ಬದಲಾತು.
ಆಗ ನಾ ಪೇರಲಹಣ್ಣು ತಿನ್ನಾಕತ್ತಿದ್ದೆ."

ಭಂತೇಜಿಯ ಬೆರಳು ಮಡಚಿದ್ದು ಮಡಚಿದಂತೆ.

ಅವಳು ಮುಂದುವರಿದಳು, ಸಿಟ್ಟಿಲ್ಲದೆ,
ಸಂತೆಯಲ್ಲಿ ಬದನೆ ಆರಿಸುವ ಹಾಗೆ:
"ನೌಕರಿ ಅನಬ್ಯಾಡ್ರಿ ಅದನ್ನ. ನೌಕರಿಗೆ ರಜಾ ಇರತೈತಿ.
ಗುನ್ಹೇನೂ ಅನಬ್ಯಾಡ್ರಿ.
ಫೌಜದಾರ ಬಂದ್ರ ನಾ ಕಳ್ಳಿ, ಗಿರಾಕಿಗೆ ಹಿಂದಿನ ಬಾಗಲ.
ಅವ್ನ ಹೆಸರು ಯಾವ ವಹ್ಯಾಗೂ ಇಲ್ಲ.
ಇನ್ನ ಘರ್‌ವಾಲಿಗೆ ಲೈಸೆನ್ಸ ಕೊಟ್ರ
ಆಕಿ ಅದಕ್ಕ ಕಟ್ಟು ಹಾಕಸಿ ಗ್ವಾಡಿಗೆ ಹೊಡೀತಾಳ,
ಲಕ್ಷ್ಮೀ ಫೋಟೋದ ಬಾಜೂಕ.
ನಾ ಅದರ ಕೆಳಗ ಕೂಡಬೇಕಲ್ಲ."

ವಕೀಲ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ
ಕೊಲ್ಹಾಪುರದ ಪ್ಯಾಸೆಂಜರ್ ಹೋಯಿತು;
ಕಿಟಕಿಯ ಗಾಜು, ಬುದ್ಧನ ಮುಂದಿನ ನೀರಿನ ಬಟ್ಟಲು, ಎಲ್ಲ ನಡುಗಿದವು.

ಒಂದು ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ನಾವು ಕೂತಿದ್ದ ಈ ಬಿಳಿ ಹಾಸುಗಲ್ಲು
ಹದಿನಾಲ್ಕು ವರ್ಷದ ಹಿಂದೆ ಗಲ್ಲಿಯವರು ಕೊಟ್ಟ ದುಡ್ಡಿನದು.
ಎಣಿಸಿದ್ದು ನಾನೇ: ಹತ್ತರ ನೋಟು, ಐದರ ನೋಟು,
ಬೆವರಿಗೆ ಮೆತ್ತಗಾದವು, ಕೆಲವಕ್ಕೆ ಪೌಡರಿನ ವಾಸನೆ.
ಫಲಕದಲ್ಲಿ ಕೆತ್ತಿಸಿದ್ದು: ಕೆಲವು ಉಪಾಸಿಕೆಯರಿಂದ.
ವೈಶಾಲಿಯಲ್ಲಿ ಮಾವಿನ ತೋಪು ಕೊಟ್ಟ ವೇಶ್ಯೆಯ ಹೆಸರನ್ನು
ಬುದ್ಧ ಮುಚ್ಚಿಡಲಿಲ್ಲ. ಮುಚ್ಚಿಟ್ಟವರು ನಾವು,
ಅಕ್ಷರಕ್ಕೆ ಎಂಟು ರೂಪಾಯಿ ಎಂಬ ನೆಪ ಹೇಳಿ.

ಠರಾವು ಸಂಖ್ಯೆ ಏಳು. ಚರ್ಚೆಯಾಯಿತು.
ಮುಂದಿನ ಹುಣ್ಣಿಮೆಗೆ ಮುಂದೂಡಲಾಗಿದೆ.
ಅಷ್ಟೇ ಬರೆದೆ. ಶಾಯಿ ಆರುವ ಮುನ್ನವೇ ನಾಚಿಕೆ ಬಂತು,
ಆದರೆ ಹೊಡೆದುಹಾಕಲಿಲ್ಲ.

ಎಲ್ಲರೂ ಚಪ್ಪಲಿ ಹುಡುಕುವಾಗ ಕಸ್ತೂರವ್ವ
ಐವತ್ತರ ನೋಟು ನನ್ನ ಮೇಜಿನ ಮೇಲಿಟ್ಟಳು.
ಪೆಟ್ಟಿಗೆಗೆ ಹಾಕಲಿಲ್ಲ. "ಪಾವತಿ ಕೊಡ್ರಿ, ಪೂರಾ ಹೆಸರಲೆ."
ಕಸ್ತೂರಿ ಯಲ್ಲಪ್ಪ ಮಾದರ, ಬರೆದೆ.
ಮೊತ್ತ, ತಾರೀಖು. ರೂಢಿ ಬಿದ್ದ ಪೆನ್ನು
ಮುಂದಿನ ಕಾಲಂ ಹುಡುಕಿತು, ಉದ್ಯೋಗ ಎಂದು;
ಪಾವತಿಯಲ್ಲಿ ಅದಿರಲಿಲ್ಲ.
ಓದಲು ಬಾರದ ಆ ಕಾಗದವನ್ನು ಅವಳು
ಉಲ್ಟಾ ಹಿಡಿದು ನೋಡಿದಳು, ತಿರುಗಿಸಿ ನೋಡಿದಳು.
"ಕೆಳಗ ಕಾರ್ಬನ್ ಮೂಡೇತಿಲ್ರೀ?"
ಎತ್ತಿ ನೋಡಿದೆ. ಮೂಡಿತ್ತು, ತುಸು ಮಸುಕಾಗಿ.